ಮನೆಯ ಸ್ಟುಡಿಯೊದಲ್ಲಿ ಪಿಯಾನೊ ಮತ್ತು ಸಂಗೀತ ರಚನೆಯನ್ನು ಒಟ್ಟಿಗೆ ಕಲಿಸುವ ಬಗೆ

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಮನೆಯ ಒಂದು ಕೋಣೆಯಲ್ಲಿಯೇ ಪಿಯಾನೊ ಹೇಳಿಕೊಡುವ ಅನೇಕ ಶಿಕ್ಷಕರ ಪಾಠಕ್ರಮವನ್ನು ಗ್ರೇಡ್ ಪರೀಕ್ಷೆಗಳೇ ನಿರ್ಧರಿಸುತ್ತವೆ. ವರ್ಷವಿಡೀ ಮೂರು ಕೃತಿಗಳನ್ನು ತಿದ್ದಿ ತೀಡಿ, ಕೆಲವು ಸ್ಕೇಲುಗಳನ್ನು, ಎಂದರೆ ಸ್ವರಶ್ರೇಣಿಗಳನ್ನು, ಬಾಯಿಪಾಠ ಮಾಡಿಸಿ, ಪ್ರಮಾಣಪತ್ರ ಕೈಗೆ ಬಂದೊಡನೆ ಮುಂದಿನ ಗ್ರೇಡಿನ ಪುಸ್ತಕವನ್ನು ತೆರೆಯುವುದು ರೂಢಿಯಾಗಿದೆ. ಸಂಗೀತ ರಚನೆಯೆಂಬುದು ಎಂಟನೆಯ ಗ್ರೇಡ್ ಮುಗಿದ ಮೇಲೆ, ಅದೂ ಪ್ರತಿಭೆಯಿದ್ದವರಿಗೆ ಮಾತ್ರ ತೆರೆಯುವ ಬಾಗಿಲೆಂಬ ನಂಬಿಕೆಯೂ ಇದರ ಜೊತೆಗೇ ಬೆಳೆದಿದೆ. ಈ ನಂಬಿಕೆಗೆ ಪಾಶ್ಚಾತ್ಯ ಸಂಗೀತದ ಪರಂಪರೆಯಲ್ಲಿಯೇ ಆಧಾರವಿಲ್ಲ. ಯೋಹಾನ್ ಸೆಬಾಸ್ಟಿಯನ್ ಬಾಖ್ 1723ರಲ್ಲಿ ಇನ್ವೆನ್ಷನ್ ಎಂಬ ತನ್ನ ಚಿಕ್ಕ ಕೀಬೋರ್ಡ್ ಕೃತಿಗಳ ಹಸ್ತಪ್ರತಿಯನ್ನು ಸಿದ್ಧಪಡಿಸಿದಾಗ, ಒಟ್ಟೊಟ್ಟಿಗೆ ಸಾಗುವ ಎರಡು ಮತ್ತು ಮೂರು ಸ್ವರಧಾರೆಗಳನ್ನು ಸ್ವಚ್ಛವಾಗಿ ನುಡಿಸಲು ಕಲಿಯುವುದರ ಜೊತೆಗೆ, ಒಳ್ಳೆಯ ಸಂಗೀತ ಕಲ್ಪನೆಗಳನ್ನು ಹುಡುಕಿ ಬೆಳೆಸುವುದೂ ರಚನೆಯ ರುಚಿಯನ್ನು ಮೊದಲೇ ಹತ್ತಿಸಿಕೊಳ್ಳುವುದೂ ಆ ಕೃತಿಗಳ ಉದ್ದೇಶವೆಂದು ಅದರ ಮುಖಪುಟದಲ್ಲಿಯೇ ಬರೆದಿದ್ದಾನೆ. ಅವುಗಳ ಮೊದಲ ರೂಪಗಳು ಅವನ ಹಿರಿಯ ಮಗನ ಪಾಠದ ಪುಸ್ತಕದಲ್ಲಿಯೇ ಇವೆ. ಎಂದರೆ, ನುಡಿಸುವುದು ಮತ್ತು ಕಟ್ಟುವುದು ಒಬ್ಬನೇ ಮೇಷ್ಟರ ಒಂದೇ ಪಾಠವಾಗಿದ್ದವು. ಇವೆರಡನ್ನೂ ಮೊದಲ ತಿಂಗಳಿನಿಂದಲೇ ಜೊತೆಯಾಗಿ ಕಲಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೋಣೆ ಮತ್ತು ವಾದ್ಯ

ಗೋಡೆಗೆ ಒರಗಿಸಿಡುವ ಅಪ್‌ರೈಟ್ ಪಿಯಾನೊ ಸಾಮಾನ್ಯವಾಗಿ 200 ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಅದರಲ್ಲಿ 88 ಕೀಗಳೂ ಸುಮಾರು 230 ತಂತಿಗಳೂ ಇರುತ್ತವೆ. ತಂತಿ, ಮರ ಮತ್ತು ಉಣ್ಣೆಯ ಫೆಲ್ಟ್ ಎಂಬ ಮೂರೂ ತೇವಕ್ಕೆ ಸ್ಪಂದಿಸುವ ವಸ್ತುಗಳಾದುದರಿಂದ, ಬಿಸಿಲು ಬೀಳುವ ಕಿಟಕಿಯ ಬಳಿಯಾಗಲಿ ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆಗಾಗಲಿ ಪಿಯಾನೊವನ್ನು ತಾಗಿಸಿಡಬಾರದು. ಕರಾವಳಿಯ ಮನೆಗಳಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಕೀಗಳು ಒತ್ತಿದಲ್ಲಿಯೇ ಅಂಟಿಕೊಳ್ಳುವುದೂ ತಂತಿಗಳು ತುಕ್ಕು ಹಿಡಿಯುವುದೂ ಅಪರೂಪವಲ್ಲ. ವರ್ಷಕ್ಕೆ ಎರಡು ಬಾರಿಯಾದರೂ ಟ್ಯೂನಿಂಗ್ ಮಾಡಿಸಬೇಕು, ಅದರಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಮನೆ ಬದಲಾಯಿಸಿದಾಗ ವಾದ್ಯಕ್ಕೆ ಹೊಸ ಜಾಗದ ಹವೆ ಒಗ್ಗಲು ಎರಡು ಮೂರು ವಾರ ಬಿಟ್ಟು ಟ್ಯೂನ್ ಮಾಡಿಸುವುದು ಲೇಸು.

ಡಿಜಿಟಲ್ ಪಿಯಾನೊ ಕೊಳ್ಳುವುದಾದರೆ ಒತ್ತಲು ನಿಜವಾದ ಪಿಯಾನೊದಷ್ಟು ಭಾರವೆನಿಸುವ 88 ಕೀಗಳೂ ಗಟ್ಟಿಯಾದ ಪೆಡಲೂ ಇರಲಿ, ಉಳಿದ ಅಲಂಕಾರಗಳಿಗೆ ಹಣ ಸುರಿಯಬೇಕಾಗಿಲ್ಲ. ಅಪಾರ್ಟ್‌ಮೆಂಟಿನಲ್ಲಿ ವಾಸಿಸುವವರಿಗೆ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವ ಅನುಕೂಲ ಸಣ್ಣದೇನಲ್ಲ. ಆದರೆ ಕರೆಂಟು ಹೋದರೆ ಪಾಠವೂ ನಿಲ್ಲುತ್ತದೆಂಬುದನ್ನು ನೆನಪಿಟ್ಟು ಯುಪಿಎಸ್ ವ್ಯವಸ್ಥೆ ಮಾಡಿಕೊಳ್ಳಬೇಕು. ಶಿಷ್ಯರ ಮನೆಯಲ್ಲಿ ಬಹುತೇಕ ಇರುವುದು 61 ಕೀಗಳ ಹಗುರ ಕೀಬೋರ್ಡು. ಒತ್ತಡಕ್ಕೆ ತಕ್ಕಂತೆ ಸದ್ದು ಬದಲಾಗುವ ಸೌಲಭ್ಯ ಅದರಲ್ಲಿದ್ದರೆ ಮೊದಲ ವರ್ಷಕ್ಕೆ ಅದನ್ನು ಒಪ್ಪಿಕೊಳ್ಳಬಹುದು. ಅದು ಕೂಡ ಇಲ್ಲದ ಕೀಬೋರ್ಡಿನ ಮೇಲೆ ಮೆಲ್ಲಗೆ ನುಡಿಸುವುದಕ್ಕೂ ಜೋರಾಗಿ ನುಡಿಸುವುದಕ್ಕೂ ವ್ಯತ್ಯಾಸವೇ ಇರುವುದಿಲ್ಲವಾದ್ದರಿಂದ, ಪಾಠ ಶುರುವಾಗುವ ಮುನ್ನವೇ ತಂದೆತಾಯಿಯರಿಗೆ ಈ ವಿಷಯವನ್ನು ಬಿಡಿಸಿ ಹೇಳುವುದು ಶಿಕ್ಷಕರ ಕರ್ತವ್ಯ. ಚಿಕ್ಕ ಮಕ್ಕಳ ಪಾದ ನೆಲಕ್ಕೆ ಎಟುಕುವುದಿಲ್ಲವಾದುದರಿಂದ ಒಂದು ಗಟ್ಟಿಯಾದ ಕಾಲುಮಣೆಯನ್ನೂ, ತಂದೆಯೋ ತಾಯಿಯೋ ಕುಳಿತುಕೊಳ್ಳಲು ಒಂದು ಕುರ್ಚಿಯನ್ನೂ ಕೋಣೆಯಲ್ಲಿ ಇಡಬೇಕು, ಪಾಠ ನಡೆಯುವಾಗ ಬಾಗಿಲು ತೆರೆದಿರಬೇಕು.

ಬರುವ ಶಿಷ್ಯರು ಯಾರು

ಮೊದಲ ಭೇಟಿಯಲ್ಲಿ ಪಿಯಾನೊದ ಮುಂದೆ ಕೂರಿಸುವುದಕ್ಕಿಂತ ಮೊದಲು ಹಾಡಿಸಬೇಕು. ನಮ್ಮಲ್ಲಿ ಪಿಯಾನೊ ಕಲಿಯಲು ಬರುವ ಮಕ್ಕಳಲ್ಲಿ ಹಲವರು ಕರ್ನಾಟಕ ಸಂಗೀತದ ಆರಂಭದ ಪಾಠಗಳಾದ ಸರಳೆ ವರಸೆ, ಜಂಟಿ ವರಸೆಗಳನ್ನು ಹಾಡಿಕೊಂಡು ಬಂದವರು. ಕೆಲವರು ಭಜನೆಯ ಹಾರ್ಮೋನಿಯಂ ನುಡಿಸಿದವರು, ಚರ್ಚಿನ ಗಾಯಕವೃಂದದಲ್ಲಿ ಹಾಡುವವರೂ ಇದ್ದಾರೆ. ಈ ಹಿನ್ನೆಲೆಯನ್ನು ಅಳಿಸಿ ಸೊನ್ನೆಯಿಂದ ಆರಂಭಿಸುವ ಶಿಕ್ಷಕರು ಕೈಯಲ್ಲಿರುವ ಬಂಡವಾಳವನ್ನೇ ಚೆಲ್ಲುತ್ತಾರೆ. ಐದೂವರೆ ಮನೆ ಶ್ರುತಿಯಲ್ಲಿ ಹಾಡುವ ಹುಡುಗಿಗೆ ಆಧಾರಸ್ವರವಾದ ಷಡ್ಜವನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ಶಂಕರಾಭರಣದ ಸರಳೆ ವರಸೆಯನ್ನು ಮೊದಲು ಸಿ ಕೀಯಿಂದ, ಅನಂತರ ಜಿ ಕೀಯಿಂದ ನುಡಿಸಲು ಹೇಳಿದರೆ, ಏಳನೆಯ ಸ್ವರವಾದ ನಿಷಾದ ಬರುವಲ್ಲಿ ಬಿಳಿಯ ಎಫ್ ಕಿವಿಗೆ ಹೊಂದದೆ, ತಾನೇ ಹುಡುಕಿಕೊಂಡು ಕರಿಯ ಎಫ್ ಶಾರ್ಪಿಗೆ ಬೆರಳು ಹಾಕುತ್ತಾಳೆ. ಮೇಜರ್ ಸ್ಕೇಲಿನ ನಿಯಮವನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ನಟಭೈರವಿಯು ನ್ಯಾಚುರಲ್ ಮೈನರ್, ಕೀರವಾಣಿಯು ಹಾರ್ಮೋನಿಕ್ ಮೈನರ್, ಖರಹರಪ್ರಿಯವು ಡೋರಿಯನ್, ಹರಿಕಾಂಭೋಜಿಯು ಮಿಕ್ಸೊಲಿಡಿಯನ್ ಎಂದು ರಾಗಗಳಿಗೂ ಪಾಶ್ಚಾತ್ಯ ಸ್ಕೇಲುಗಳಿಗೂ ಇರುವ ಹೊಂದಿಕೆಯನ್ನು ಮುಂದೆ ಹಂತಹಂತವಾಗಿ ತಿಳಿಸಬಹುದು. ಹೊಂದುವುದು ಸ್ವರಸ್ಥಾನಗಳಷ್ಟೇ ಎಂಬ ಎಚ್ಚರಿಕೆಯನ್ನೂ ಅಲ್ಲಿಯೇ ಕೊಡಬೇಕು, ಏಕೆಂದರೆ ರಾಗದ ಗಮಕ (ಸ್ವರಗಳ ಓಲಾಟ) ಮತ್ತು ಸಂಚಾರಗಳು ಸ್ಕೇಲಿನಲ್ಲಿ ಇರುವುದಿಲ್ಲ.

ಹಾರ್ಮೋನಿಯಂ ಕಲಿತು ಬಂದವರ ಕಷ್ಟ ಬೇರೆ. ಅವರ ಎಡಗೈ ಇಷ್ಟು ಕಾಲ ತಿದಿಯೊತ್ತುವ ಕೆಲಸವನ್ನಷ್ಟೇ ಮಾಡಿರುತ್ತದೆ, ಬಲಗೈ ಬೆರಳುಗಳು ಚಪ್ಪಟೆಯಾಗಿ ಮಲಗಿರುತ್ತವೆ. ಅಂಥವರಿಗೆ ಎಡಗೈಯಲ್ಲಿ ಷಡ್ಜ ಪಂಚಮಗಳನ್ನು ತಂಬೂರಿಯಂತೆ ನಿಧಾನವಾಗಿ ನುಡಿಸಲು ಕೊಟ್ಟು, ಮೇಲೆ ಬಲಗೈಯಲ್ಲಿ ಗೊತ್ತಿರುವ ಧಾಟಿಯನ್ನು ನುಡಿಸಲು ಹೇಳುವುದು ಮೊದಲ ಪಾಠವಾಗಬೇಕು. ಬೆಂಚಿನ ಮುಂದಿನ ಅರ್ಧದಲ್ಲಿ ಕುಳಿತುಕೊಳ್ಳುವುದು, ಮೊಣಕೈ ಕೀಗಳ ಮಟ್ಟದಲ್ಲಿರುವುದು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದರಿಂದ ಐದು ಎಂಬ ಎಣಿಕೆ, ಇವೆಲ್ಲ ಯಾವುದೇ ಪ್ರಾರಂಭಿಕ ಪುಸ್ತಕದಲ್ಲಿಯೂ ಸಿಗುತ್ತವೆ.

ಎರಡು ಸಂಗೀತಗಳನ್ನು ಒಟ್ಟಿಗೆ ಕಲಿತರೆ ಮಗುವಿಗೆ ಗೊಂದಲವಾಗುತ್ತದೆಯೇ ಎಂದು ಪೋಷಕರು ಕೇಳುವುದುಂಟು. ಮೈಸೂರಿನ ಜಯಚಾಮರಾಜ ಒಡೆಯರ್ ಅವರನ್ನು ಅಲ್ಲಿ ನೆನಪಿಸಿದರೆ ಸಾಕು. ಪಿಯಾನೊವನ್ನು ಶ್ರದ್ಧೆಯಿಂದ ಕಲಿತಿದ್ದ ಅವರು ಮುಂದೆ ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. ರಷ್ಯಾದ ಪಿಯಾನೊ ವಾದಕ ಮತ್ತು ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅರ್ಪಿಸಿದ್ದು ಈ ಮಹಾರಾಜರಿಗೇ. ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಇವರೇ.

ರಚನೆಯ ಮೊದಲ ಪಾಠಗಳು

ಪಿಯಾನೊದ ಕರಿಯ ಕೀಗಳಷ್ಟನ್ನೇ ಜಿ ಫ್ಲ್ಯಾಟ್‌ನಿಂದ ಮೇಲಕ್ಕೆ ನುಡಿಸಿದರೆ ಮೋಹನ ರಾಗದ ಐದು ಸ್ವರಗಳೇ ದೊರಕುತ್ತವೆ. ಮೊದಲ ತಿಂಗಳಿನಲ್ಲಿ ಇದಕ್ಕಿಂತ ಉತ್ತಮವಾದ ಆಟದ ಮೈದಾನವಿಲ್ಲ. ಶಿಕ್ಷಕರು ಕೆಳಗಿನ ಆಕ್ಟೇವಿನಲ್ಲಿ, ಎಂದರೆ ಕೆಳಗಿನ ಸ್ಥಾಯಿಯಲ್ಲಿ, ಜಿ ಫ್ಲ್ಯಾಟ್ ಮತ್ತು ಡಿ ಫ್ಲ್ಯಾಟ್‌ಗಳನ್ನು ಶ್ರುತಿಯಾಗಿ ಹಿಡಿದುಕೊಂಡು, ಶಿಷ್ಯನಿಗೆ ಕರಿಯ ಕೀಗಳಲ್ಲಿ ಮೂರನ್ನು ಮಾತ್ರ ಆಯ್ದುಕೊಳ್ಳಲು ಹೇಳಬೇಕು. ಎಲ್ಲ ಸ್ವರಗಳನ್ನೂ ಒಮ್ಮೆಲೇ ಕೊಟ್ಟರೆ ಮಗು ಮೇಲೆ ಕೆಳಗೆ ಓಡಾಡುತ್ತದೆಯೇ ಹೊರತು ಏನನ್ನೂ ಕಟ್ಟುವುದಿಲ್ಲ. ಮೂರೇ ಸ್ವರಗಳಿದ್ದಾಗ ಲಯದ ಕಡೆಗೂ ಮೌನದ ಕಡೆಗೂ ಗಮನ ಹರಿಯುತ್ತದೆ. ಮೊದಲು ಶಿಕ್ಷಕರು ಒಂದು ಪ್ರಶ್ನೆಯನ್ನು ನುಡಿಸಿ ಷಡ್ಜವಲ್ಲದ ಸ್ವರದ ಮೇಲೆ ನಿಲ್ಲಿಸುವುದು, ಶಿಷ್ಯ ಉತ್ತರವನ್ನು ನುಡಿಸಿ ಷಡ್ಜಕ್ಕೆ ಮರಳುವುದು, ಮುಂದಿನ ವಾರ ಪಾತ್ರಗಳನ್ನು ಅದಲು ಬದಲು ಮಾಡುವುದು, ಹೀಗೆ ಸಾಗಲಿ. ಪ್ರಶ್ನೆ ಕೇಳುವುದು ಉತ್ತರ ಹೇಳುವುದಕ್ಕಿಂತ ಕಷ್ಟವೆಂದು ಮಕ್ಕಳಿಗೆ ಬೇಗನೆ ತಿಳಿಯುತ್ತದೆ.

ಲಯಕ್ಕೆ ಕನ್ನಡವೇ ಒಳ್ಳೆಯ ಗಣಿ. ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಕಲಿಸುವ ಲಘು ಗುರುಗಳನ್ನು ಇಲ್ಲಿ ನೇರವಾಗಿ ಬಳಸಿಕೊಳ್ಳಬಹುದು. ಲಘುವಿಗೆ ಒಂದು ಕ್ವೇವರ್ (ಅರ್ಧ ಎಣಿಕೆಯ ಸ್ವರ), ಗುರುವಿಗೆ ಒಂದು ಕ್ರಾಚೆಟ್ (ಒಂದು ಎಣಿಕೆಯ ಸ್ವರ) ಎಂದು ಇಟ್ಟುಕೊಂಡು ಬೆಂಗಳೂರಿನ ಬಡಾವಣೆಗಳ ಹೆಸರುಗಳನ್ನು ಬರೆಯಿಸಿ ನೋಡಿ. ಬಸವನಗುಡಿಯೆಂಬುದು ಆರು ಲಘುಗಳು, ಮಲ್ಲೇಶ್ವರವೆಂಬುದು ಎರಡು ಗುರು ಮತ್ತು ಎರಡು ಲಘು. ಎರಡೂ ಆರಾರು ಮಾತ್ರೆಗಳಾದುದರಿಂದ ಮುಕ್ಕಾಲು ಕಾಲದ, ಎಂದರೆ ಮೂರು ಕ್ರಾಚೆಟ್‌ಗಳ ಒಂದೊಂದು ಬಾರನ್ನು (ತಾಳದ ಆವರ್ತನದಂತೆ ಎಣಿಕೆಗಳನ್ನು ಕಟ್ಟಿಡುವ ಅಳತೆಯನ್ನು) ಸರಿಯಾಗಿ ತುಂಬುತ್ತವೆ, ಆದರೂ ನಡಿಗೆ ಪೂರ್ತಿ ಬೇರೆ. ರಾಜಾಜಿನಗರದಲ್ಲಿ ಎಂಟು ಮಾತ್ರೆಗಳಿರುವುದರಿಂದ ಅದು ನಾಲ್ಕು ಕ್ರಾಚೆಟ್‌ಗಳ ಬಾರು. ಜಯನಗರದ ಐದು ಲಘುಗಳು ಖಂಡ ನಡೆಗೆ, ಬರವಣಿಗೆಯಲ್ಲಿ ಐದು ಕ್ವೇವರುಗಳ ಬಾರಿಗೆ ಸಲ್ಲುತ್ತವೆ. ಹೀಗೆ ಸಿಕ್ಕ ಲಯಕ್ಕೆ ಮೂರೋ ಐದೋ ಸ್ವರಗಳನ್ನು ಹೊದಿಸುವುದು ಆ ವಾರದ ಮನೆಗೆಲಸ. ಮಿಶ್ರ ಛಾಪು ಹಾಕಿ ಅಭ್ಯಾಸವಿರುವ ಮಗು ಏಳು ಕ್ವೇವರುಗಳ ಬಾರನ್ನು ಅಳುಕಿಲ್ಲದೆ ನುಡಿಸುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕಗಳು ಇಂಥ ಅಸಮ ಲಯಗಳನ್ನು ಬಹಳ ತಡವಾಗಿ ಪರಿಚಯಿಸುತ್ತವೆಯೆಂಬ ಕಾರಣಕ್ಕೆ ನಾವೂ ಕಾಯುತ್ತ ಕೂರಬೇಕಾಗಿಲ್ಲ.

ಮೂರು ನಾಲ್ಕು ತಿಂಗಳು ಕಳೆದ ಮೇಲೆ ಎಂಟು ಬಾರುಗಳ ರಚನೆಗೆ ಕೈಹಾಕಬಹುದು. ಇಲ್ಲಿ ಕಲಿಸಬೇಕಾದುದು ಒಂದೇ ಸಂಗತಿ: ಹೊಸ ಹೊಸ ಕಲ್ಪನೆಗಳನ್ನು ಪೇರಿಸುವುದನ್ನು ನಿಲ್ಲಿಸಿ, ಸಿಕ್ಕಿದ ಒಂದು ಚಿಕ್ಕ ಕಲ್ಪನೆಯಿಂದ ಕೆಲಸ ತೆಗೆಯುವುದು. ಮೋಹನದ ಸ್ವರಗಳಲ್ಲಿ, ಬಾರಿಗೆ ನಾಲ್ಕು ಎಣಿಕೆಯಂತೆ ಒಂದು ಉದಾಹರಣೆಯನ್ನು ನೋಡೋಣ. ಮೊದಲ ಬಾರಿನಲ್ಲಿ ಗ ರಿ ಎಂದು ನುಡಿಸಿ ಸದಲ್ಲಿ ಎರಡು ಎಣಿಕೆ ನಿಲ್ಲುವುದು. ಎರಡನೆಯ ಬಾರಿನಲ್ಲಿ ಅದನ್ನೇ ಒಂದು ಮೆಟ್ಟಿಲು ಮೇಲಕ್ಕೆತ್ತಿ ಪ ಗ ಎಂದು ನುಡಿಸಿ ರಿಯಲ್ಲಿ ನಿಲ್ಲುವುದು. ಮೂರನೆಯದರಲ್ಲಿ ಇನ್ನೊಂದು ಮೆಟ್ಟಿಲು ಏರಿ, ಎಲ್ಲಿಯೂ ನಿಲ್ಲದೆ ದ ಪ ಗ ರಿ ಎಂದು ಇಳಿಯುವುದು. ನಾಲ್ಕನೆಯದು ಪಂಚಮದ ಮೇಲಿನ ದೀರ್ಘ ನಿಲುಗಡೆ, ಅಲ್ಲಿಗೆ ಪ್ರಶ್ನೆ ಮುಗಿಯಿತು. ಐದು ಮತ್ತು ಆರನೆಯ ಬಾರುಗಳು ಮೊದಲ ಎರಡರ ಪುನರಾವರ್ತನೆ. ಏಳನೆಯದರಲ್ಲಿ ಗ ರಿ, ಮಂದ್ರದ ದ, ಮತ್ತೆ ರಿ. ಎಂಟನೆಯದು ಸ. ಮೂರೇ ಸ್ವರಗಳ ತುಣುಕು ಎಂಟು ಬಾರುಗಳನ್ನು ಹೊತ್ತು ನಿಂತದ್ದನ್ನು ಶಿಷ್ಯ ಕಿವಿಯಾರೆ ಕೇಳಿದ ಮೇಲೆ, ಅದೇ ತುಣುಕನ್ನು ತಲೆಕೆಳಗು ಮಾಡುವುದು, ಕಾಲವನ್ನು ಇಮ್ಮಡಿಸುವುದು, ಬಾಲವನ್ನಷ್ಟೇ ಕತ್ತರಿಸಿ ಬಳಸುವುದು ಮುಂತಾದ ತಂತ್ರಗಳನ್ನು ವಾರಕ್ಕೊಂದರಂತೆ ಸೇರಿಸಬಹುದು. ಬಾಖ್‌ನ ಮೊದಲ ಇನ್ವೆನ್ಷನ್ ಕಲಿಯುವ ಹಂತಕ್ಕೆ ಶಿಷ್ಯ ಬಂದಾಗ, ನುಡಿಸುವ ಮೊದಲು ಪೆನ್ಸಿಲ್ ಕೊಟ್ಟು, ಬಲಗೈಯ ಮೊದಲ ತುಣುಕು ಎಲ್ಲೆಲ್ಲಿ ಮರಳಿ ಬರುತ್ತದೆಂದು ಗುರುತಿಸಲು ಹೇಳಬೇಕು. ಅರ್ಧ ಬಾರಿನ ಬಳಿಕ ಎಡಗೈ ಅದನ್ನು ಒಂದು ಆಕ್ಟೇವ್ ಕೆಳಗೆ ಎತ್ತಿಕೊಳ್ಳುವುದೂ, ಮೂರನೆಯ ಬಾರಿನಲ್ಲಿ ಅದು ತಲೆಕೆಳಗಾಗಿ ಬರುವುದೂ ಕಣ್ಣಿಗೆ ಬಿದ್ದರೆ, ಕೃತಿಯನ್ನು ಬಾಯಿಪಾಠ ಮಾಡುವ ಶ್ರಮವೂ ಅರ್ಧಕ್ಕಿಳಿಯುತ್ತದೆ.

ರಾಗಕ್ಕೆ ಕಾರ್ಡ್ ಹೊಂದಿಸುವಾಗ

ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳ ಪಾಠ ಬಂದೊಡನೆ, ಸಿನಿಮಾ ಹಾಡುಗಳನ್ನು ಕೇಳಿ ಬೆಳೆದ ಶಿಷ್ಯರು ಎಲ್ಲ ಧಾಟಿಗೂ ಸ್ಕೇಲಿನ ಒಂದು, ನಾಲ್ಕು, ಐದನೆಯ ಸ್ವರಗಳ ಮೇಲಿನ ಕಾರ್ಡ್‌ಗಳನ್ನೇ ಅಂಟಿಸತೊಡಗುತ್ತಾರೆ. ಶಂಕರಾಭರಣದ ಸ್ವರಗಳಿಗೆ ಇದು ನಡೆಯುತ್ತದೆ. ಮೋಹನಕ್ಕೆ ಬಂದಾಗ ತೊಡಕು ಶುರುವಾಗುತ್ತದೆ, ಏಕೆಂದರೆ ಪಂಚಮದ ಮೇಲಿನ ಕಾರ್ಡಿಗೆ ನಿಷಾದ ಬೇಕು, ಆ ರಾಗದಲ್ಲಿ ನಿಷಾದವಿಲ್ಲ. ಸಿ ಷಡ್ಜವಾದಾಗ ಮೋಹನದ ಸ್ವರಗಳೊಳಗೆ ಹುಟ್ಟುವ ಕಾರ್ಡ್‌ಗಳು ಸಿ ಮೇಜರ್ ಮತ್ತು ಎ ಮೈನರ್ ಎಂಬ ಎರಡೇ. ಹಂಸಧ್ವನಿಯಲ್ಲಿ ಸಿ ಮೇಜರ್, ಇ ಮೈನರ್ ಮತ್ತು ಜಿ ಮೇಜರ್ ದೊರೆಯುವುದರಿಂದ, ಪಂಚಮದಿಂದ ಷಡ್ಜಕ್ಕೆ ಮರಳುವ ಪಾಶ್ಚಾತ್ಯ ಮುಕ್ತಾಯವನ್ನು ರಾಗದ ಹೊರಗೆ ಕಾಲಿಡದೆಯೇ ಕಲಿಸಬಹುದು. ನನ್ನ ಅಭಿಪ್ರಾಯದಲ್ಲಿ ಕಾರ್ಡ್‌ಗಳ ಮೊದಲ ಪಾಠಕ್ಕೆ ಇದಕ್ಕಿಂತ ತಕ್ಕ ರಾಗವಿಲ್ಲ. ಕಲ್ಯಾಣಿಯಲ್ಲಿ ಶುದ್ಧ ಮಧ್ಯಮದ ಕಾರ್ಡ್ ಇಲ್ಲವಾದರೂ ರಿಷಭದ ಮೇಲೆ ಡಿ ಮೇಜರ್ ಸಿಗುತ್ತದೆ. ಸಿಯನ್ನು ಶ್ರುತಿಯಾಗಿ ಹಿಡಿದು ಅದನ್ನು ಮೇಲೆ ನುಡಿಸಿದರೆ ಪ್ರತಿಮಧ್ಯಮದ ಬೆಳಕು ಎದ್ದು ಕಾಣುತ್ತದೆ. ಮಾಯಾಮಾಳವಗೌಳದಲ್ಲಿ ಪಂಚಮದ ಮೇಲೆ ಮೇಜರ್ ಕಾರ್ಡ್ ಬರುವುದಿಲ್ಲ, ಬದಲಿಗೆ ಷಡ್ಜಕ್ಕೆ ತೀರ ಹತ್ತಿರದಲ್ಲಿಯೇ ಡಿ ಫ್ಲ್ಯಾಟ್ ಮೇಜರ್ ಬರುತ್ತದೆ.

ಹಿಂದೋಳದ ಪ್ರಯೋಗವನ್ನು ದೊಡ್ಡ ಶಿಷ್ಯರಿಗೆ ಮೀಸಲಿಡಬೇಕು. ಅದರ ಸ್ವರಗಳಲ್ಲಿ ಹುಟ್ಟುವುದು ಎಫ್ ಮೈನರ್ ಮತ್ತು ಎ ಫ್ಲ್ಯಾಟ್ ಮೇಜರ್, ಎರಡೂ ಷಡ್ಜದ ಮೇಲೆ ನಿಂತವಲ್ಲ. ಆ ಕಾರ್ಡ್‌ಗಳನ್ನು ಹಾಕುತ್ತ ಹೋದಂತೆ ಕೇಳುಗನ ಕಿವಿಯಲ್ಲಿ ಷಡ್ಜವೇ ಜಾರಿ, ಎ ಫ್ಲ್ಯಾಟ್ ನೆಲೆಯೆನಿಸಿದಾಗ ಅದು ಮೋಹನವಾಗಿ ಕೇಳಿಸತೊಡಗುತ್ತದೆ. ಷಡ್ಜ ಬದಲಾದಾಗ ಅದೇ ಸ್ವರಗಳು ಬೇರೆ ರಾಗವಾಗುವ ಗ್ರಹಭೇದವನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ದಾರಿ ಬೇಕಿಲ್ಲ. ಕಾರ್ಡ್ ಎಂಬುದು ಧಾಟಿಯ ಕೆಳಗೆ ಹಾಸುವ ಚಾಪೆಯಲ್ಲ, ರಾಗದ ಕೇಂದ್ರವನ್ನೇ ಕದಲಿಸಬಲ್ಲ ಶಕ್ತಿ ಅದಕ್ಕಿದೆಯೆಂಬುದು ಶಿಷ್ಯನಿಗೆ ಇಲ್ಲಿ ಮನದಟ್ಟಾಗುತ್ತದೆ. ತೋಡಿ, ಭೈರವಿಗಳಂತೆ ಗಮಕದಲ್ಲಿಯೇ ಜೀವವಿರುವ ರಾಗಗಳನ್ನು ಮಾತ್ರ ಪಿಯಾನೊ ರಚನೆಗೆ ಒಡ್ಡದಿರುವುದು ಒಳಿತು. ಒಂದು ಕೀಯಿಂದ ಇನ್ನೊಂದಕ್ಕೆ ಜಾರುವ ದಾರಿ ಈ ವಾದ್ಯದಲ್ಲಿಲ್ಲ, ಪಕ್ಕದ ಕೀಯನ್ನು ತಾಗಿಸಿ ಮಾಡುವ ಅನುಕರಣೆ ಎರಡೂ ಸಂಗೀತಗಳಿಗೆ ಸಲ್ಲದು.

ತಿದ್ದುವುದು, ಬರೆಯಿಸುವುದು

ಶಿಷ್ಯ ತಂದ ರಚನೆಯಲ್ಲಿ ಶಿಕ್ಷಕರು ತಮ್ಮ ಸ್ವರಗಳನ್ನು ತುಂಬಿಬಿಟ್ಟರೆ ಮುಂದಿನ ವಾರದಿಂದ ಅವನು ಶಿಕ್ಷಕರ ಮೆಚ್ಚುಗೆಗಾಗಿ ಬರೆಯತೊಡಗುತ್ತಾನೆ. ಆದ್ದರಿಂದ ಮೊದಲು ಪೂರ್ತಿ ಕೇಳಬೇಕು, ಅನಂತರ ಧಾಟಿಯನ್ನು ಹಾಡಿ ತೋರಿಸಲು ಹೇಳಬೇಕು. ಹಾಡಲು ಆಗದ ಜಾಗದಲ್ಲಿ ಸಾಮಾನ್ಯವಾಗಿ ಬೆರಳಿನ ಅಭ್ಯಾಸಬಲ ಕಲ್ಪನೆಯ ಸ್ಥಾನವನ್ನು ಹಿಡಿದಿರುತ್ತದೆ. ಒಂದು ಬಾರನ್ನು ತೆಗೆದುಹಾಕಲೇಬೇಕಾದರೆ ಯಾವುದನ್ನು ತೆಗೆಯುತ್ತೀ ಎಂಬ ಪ್ರಶ್ನೆ ಬಹಳ ಉಪಯುಕ್ತ. ಮುಕ್ತಾಯ ಸಪ್ಪೆಯೆನಿಸಿದರೆ ಎರಡು ಬೇರೆ ಮುಕ್ತಾಯಗಳನ್ನು ನುಡಿಸಿ ತೋರಿಸಿ, ಆಯ್ಕೆಯನ್ನೂ ಮೂರನೆಯದೊಂದನ್ನು ಹುಡುಕುವ ಸ್ವಾತಂತ್ರ್ಯವನ್ನೂ ಅವನಿಗೇ ಬಿಡಬೇಕು. ಬರವಣಿಗೆಯಲ್ಲಿನ ತಪ್ಪುಗಳನ್ನು, ಎಂದರೆ ಎಣಿಕೆ ತಪ್ಪಿದ ಬಾರು, ಬಿಟ್ಟುಹೋದ ಶಾರ್ಪ್ ಇತ್ಯಾದಿಗಳನ್ನು ಮಾತ್ರ ಮುಲಾಜಿಲ್ಲದೆ ತಿದ್ದಿಸಬೇಕು.

ಚಿಕ್ಕವರು ಮೊದಲು ಸರಿಗಮದಲ್ಲಿ ಬರೆದುಕೊಳ್ಳಲಿ, ಶಿಕ್ಷಕರು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ. ಐದು ಗೆರೆಗಳ ಸ್ಟಾಫ್ ನೊಟೇಶನ್ನಿಗೆ ಮಧ್ಯದ ಸಿ, ಟ್ರೆಬಲ್ ಕ್ಲೆಫ್ ತೋರಿಸುವ ಜಿ, ಬೇಸ್ ಕ್ಲೆಫ್ ತೋರಿಸುವ ಎಫ್ ಎಂಬ ಮೂರು ಗುರುತುಗಳಿಂದ ಆರಂಭಿಸಿದರೆ ಸಾಕು. ತನ್ನದೇ ಧಾಟಿಯನ್ನು ಬರೆಯಬೇಕಾಗಿ ಬಂದಾಗ ಮಗು ನೊಟೇಶನ್ನನ್ನು ಬೇಗ ಕಲಿಯುತ್ತದೆ. ಹದಿಹರೆಯದವರಿಗೆ ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ತಂತ್ರಾಂಶವನ್ನು ಪರಿಚಯಿಸಬಹುದು. ಕಂಪ್ಯೂಟರು ಮನುಷ್ಯನ ಕೈಗೆ ನಿಲುಕದ ಸ್ವರಗಳನ್ನೂ ಸಲೀಸಾಗಿ ನುಡಿಸುವುದರಿಂದ, ಬರೆದುದನ್ನು ಪಿಯಾನೊದಲ್ಲಿ ನುಡಿಸಿ ತೋರಿಸಿದ ಮೇಲೆಯೇ ರಚನೆ ಮುಗಿಯಿತೆಂದು ಒಪ್ಪುವ ನಿಯಮವಿರಲಿ.

ಪರೀಕ್ಷೆ, ಶುಲ್ಕ ಮತ್ತು ಹಕ್ಕು

ವಾರಕ್ಕೊಂದು 45 ನಿಮಿಷದ ಪಾಠದಲ್ಲಿ ಕಾಲು ಗಂಟೆಯನ್ನು ರಚನೆಗೆ ಎತ್ತಿಡಬೇಕು. ಪರೀಕ್ಷೆ ಹತ್ತಿರವಾದಾಗಲೂ ಅದನ್ನು ಐದು ನಿಮಿಷಕ್ಕಿಂತ ಕೆಳಗೆ ಇಳಿಸಬಾರದು. ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳನ್ನು ನಾನು ತಿರಸ್ಕರಿಸುವುದಿಲ್ಲ, ಪೋಷಕರಿಗೂ ಮಕ್ಕಳಿಗೂ ಅವು ಒಂದು ಅಳತೆಗೋಲನ್ನು ಒದಗಿಸುತ್ತವೆ. ಎಬಿಆರ್‌ಎಸ್‌ಎಂನಲ್ಲಿ ಆರನೆಯ ಗ್ರೇಡಿಗೆ ಹೋಗಲು ಐದನೆಯ ಗ್ರೇಡಿನ ಥಿಯರಿಯನ್ನೋ ಅದಕ್ಕೆ ಸಮನಾದ ಪರೀಕ್ಷೆಯನ್ನೋ ಮುಗಿಸಿರಬೇಕು. ಎಂಟು ಬಾರುಗಳ ರಚನೆಗಳನ್ನು ಬರೆಯುತ್ತ ಬಂದ ಶಿಷ್ಯನಿಗೆ ಆ ಥಿಯರಿ ಹೊರೆಯೆನಿಸುವುದಿಲ್ಲ. ಟ್ರಿನಿಟಿಯ ಪಿಯಾನೊ ಪಠ್ಯಕ್ರಮಗಳಲ್ಲಿ ಒಂದು ಕೃತಿಯ ಬದಲಿಗೆ ಸ್ವಂತ ರಚನೆಯನ್ನು ನುಡಿಸುವ ಅವಕಾಶ ಇದ್ದುಬಂದಿದೆ. ಚಾಲ್ತಿಯಲ್ಲಿರುವ ನಿಯಮವನ್ನು ಓದಿಕೊಂಡು ಅದನ್ನು ಬಳಸಿಕೊಳ್ಳಬೇಕು.

ಶುಲ್ಕವನ್ನು ತಿಂಗಳ ಮೊದಲ ವಾರದಲ್ಲಿಯೇ ಪಡೆಯುವುದು, ತಪ್ಪಿದ ಪಾಠವನ್ನು ಯಾವಾಗ ತುಂಬಿಕೊಡಲಾಗುತ್ತದೆ ಮತ್ತು ಯಾವಾಗ ಇಲ್ಲ ಎಂಬುದು, ಶಾಲಾ ಪರೀಕ್ಷೆ ಮತ್ತು ದಸರಾ ರಜೆಯ ವ್ಯವಸ್ಥೆ, ಇವನ್ನೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಸೇರ್ಪಡೆಯ ದಿನವೇ ಕೊಟ್ಟುಬಿಟ್ಟರೆ ಮುಂದಿನ ಮುಜುಗರ ತಪ್ಪುತ್ತದೆ. ವರ್ಷಕ್ಕೆರಡು ಬಾರಿ ಮನೆಯಲ್ಲಿಯೇ ಚಿಕ್ಕ ಕಛೇರಿ ಏರ್ಪಡಿಸಿ, ಪ್ರತಿಯೊಬ್ಬರೂ ಕಲಿತ ಒಂದು ಕೃತಿಯನ್ನೂ ಒಂದು ನಿಮಿಷದ ಸ್ವಂತ ರಚನೆಯನ್ನೂ ನುಡಿಸುವಂತೆ ಮಾಡಬೇಕು.

ಈ ರಚನೆಗಳ ಒಡೆತನದ ಬಗ್ಗೆ ಶಿಕ್ಷಕರಿಗೆ ಸ್ಪಷ್ಟತೆ ಇರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಂಗೀತ ಕೃತಿಯ ಮೊದಲ ಹಕ್ಕುದಾರ ಅದನ್ನು ರಚಿಸಿದವನೇ, ಅವನಿಗೆ ಒಂಬತ್ತು ವರ್ಷವಾಗಿದ್ದರೂ ಸರಿಯೇ. ಆ ಹಕ್ಕು ರಚನಕಾರನ ಆಯುಷ್ಯಪೂರ್ತಿ ಮತ್ತು ಅನಂತರ 60 ವರ್ಷ ಉಳಿಯುತ್ತದೆ. ಶಿಷ್ಯನ ಧಾಟಿಯನ್ನು ಸ್ಟುಡಿಯೊದ ಪ್ರಚಾರದ ವಿಡಿಯೊದಲ್ಲಿ ಬಳಸುವ ಮುನ್ನ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಎಡಗೈಯ ಭಾಗವನ್ನೋ ಕಾರ್ಡ್‌ಗಳನ್ನೋ ಶಿಕ್ಷಕರೇ ಸೇರಿಸಿದ್ದರೆ, ಹಾಳೆಯ ಮೇಲ್ತುದಿಯಲ್ಲಿ ಧಾಟಿ ಯಾರದು, ಜೋಡಣೆ ಯಾರದು ಎಂದು ಬೇರೆ ಬೇರೆಯಾಗಿ ನಮೂದಿಸಿ, ದಿನಾಂಕ ಹಾಕಿ, ಮೂಲಪ್ರತಿಯನ್ನು ಶಿಷ್ಯನ ಕಡತದಲ್ಲಿಟ್ಟು ನಕಲನ್ನು ತಾವು ಇಟ್ಟುಕೊಳ್ಳಬೇಕು.